ಒಲೆ ಎಣಿಸಿದ ಶನಿವಾರ

ಸ್ವಿಟ್ಜರ್ಲೆಂಡಿನ ಹಳ್ಳಿ ನನಗೆ ಸಿಗಲಿಲ್ಲ, ಅವಳಿಗೆ ಸಿಕ್ಕಿತು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಬಹುದು.

ನಮ್ಮದು ನಕ್ಷೆ ಮಾಡುವ ಸಣ್ಣ ಕಂಪನಿ. ಡಬ್ಲಿನ್ನಿನ ದಕ್ಷಿಣಕ್ಕೆ, ಲೆಪರ್ಡ್ಸ್‌ಟೌನಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದೆ. ನನ್ನ ಕಿಟಕಿಯಿಂದ ರೇಸ್‌ಕೋರ್ಸಿನ ಬಿಳಿ ಬೇಲಿ ಕಾಣುತ್ತದೆ. ವಿಮಾನದಿಂದ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹರಡಿಕೊಂಡು ಇದು ಹುಲ್ಲುಗಾವಲು, ಇದು ಕಾಡು, ಇದು ರಸ್ತೆ, ಇದು ಮನೆ ಎಂದು ಗೆರೆ ಎಳೆಯುತ್ತೇವೆ. ಆಮೇಲೆ ಯಾವ ಮನೆಯಲ್ಲಿ ಎಷ್ಟು ಜನ ಇರಬಹುದು ಎಂದು ಲೆಕ್ಕ ಹಾಕುತ್ತೇವೆ. ಒಂಬತ್ತು ವರ್ಷ ನಾನು ಐರ್ಲೆಂಡಿನ ಹಳ್ಳಿಗಾಡನ್ನೇ ಗೀಚಿದ್ದೆ. ಜೌಗು ನೆಲ, ಕಲ್ಲಿನ ಗೋಡೆ, ಕುರಿ, ಒಂಟಿ ಬಂಗಲೆ, ಮತ್ತೆ ಜೌಗು ನೆಲ. ಕಣ್ಣು ಮುಚ್ಚಿಕೊಂಡು ಮಾಡಬಹುದಾದಷ್ಟು ಅಭ್ಯಾಸವಾಗಿತ್ತು.

ಆಗ ಬಂತು ಸ್ವಿಟ್ಜರ್ಲೆಂಡಿನ ಕೆಲಸ. ಅಲ್ಲಿಯ ಒಂದು ಬೆಟ್ಟದ ಸೀಮೆಯ ತುರ್ತು ಪರಿಹಾರದ ಕಚೇರಿಯವರು ಕೇಳಿದ್ದು ಇದು: ರಾತ್ರಿ ಹೊಳೆ ಉಕ್ಕಿದರೆ, ಗುಡ್ಡ ಜರಿದರೆ, ಯಾವ ಬಾಗಿಲನ್ನು ಮೊದಲು ತಟ್ಟಬೇಕು, ಅದರ ಹಿಂದೆ ಎಷ್ಟು ಜನ ಮಲಗಿದ್ದಾರೆ? ಅವರ ಬಳಿ ಪ್ರತಿ ಹಳ್ಳಿಯ ಪಂಚಾಯ್ತಿಯಲ್ಲೂ ಮನೆಮನೆಯ ಪಟ್ಟಿ ಇತ್ತು. ಆದರೂ ಪಟ್ಟಿ ನೋಡದೆ, ಬರೀ ಚಿತ್ರ ನೋಡಿ ಹೇಳಲು ಸಾಧ್ಯವೇ ಎಂದು ಪರೀಕ್ಷೆ ಮಾಡಬೇಕಿತ್ತು, ಪಟ್ಟಿಯಿಲ್ಲದ ದೇಶಗಳಲ್ಲಿ ಬಳಸಲಿಕ್ಕೆ. ಒಂದು ಪುಟ್ಟ ಹಳ್ಳಿಯನ್ನು ಆರಿಸಿ, ಒಟ್ಟು ಜನ ನಾನೂರು ಚಿಲ್ಲರೆ ಎಂದಷ್ಟೇ ಹೇಳಿ, ಚಿತ್ರಗಳನ್ನು ಕಳಿಸಿದರು. ಆರು ವಾರದ ಮೇಲೆ ಒಂದು ಮಂಗಳವಾರ, ಆ ಹಳ್ಳಿಯ ಸಭೆಯಲ್ಲೇ ನಮ್ಮ ನಕ್ಷೆಯನ್ನೂ ಅವರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಹೊಂದಿದರೆ ಇಡೀ ಕಣಿವೆಯ ಕೆಲಸ ನಮಗೆ.

ಈ ಕೆಲಸ ಹಿಡಿಯಲು ಕಳಿಸಿದ ಪ್ರಸ್ತಾವದಲ್ಲಿ ಹನ್ನೆರಡು ಪುಟ ನಾನು ಬರೆದದ್ದು. ಹಳ್ಳಿ ಮಾತ್ರ ಅವಳಿಗೆ ಹೋಯಿತು.

ಅವಳು ಮೈಸೂರಿನವಳು. ಎರಡು ವರ್ಷದ ಹಿಂದೆ ಮಾಸ್ಟರ್ಸ್ ಓದಲು ಬಂದು, ಮುಗಿಸಿ, ನಮ್ಮಲ್ಲಿ ಕಾಂಟ್ರಾಕ್ಟಿನ ಮೇಲೆ ಸೇರಿದ್ದಳು. ಕಾಂಟ್ರಾಕ್ಟು ಮುಂದಿನ ತಿಂಗಳಿಗೆ ಮುಗಿಯುವುದಿತ್ತು. ಈ ಹಳ್ಳಿ ಗೆದ್ದರೆ ಕೆಲಸ ಕಾಯಂ, ವರ್ಕ್ ಪರ್ಮಿಟ್ಟೂ ಸಿಗುತ್ತದೆ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಕಾಲೇಜಿನಲ್ಲಿ ಕಲಿತ ಜರ್ಮನ್ ಬರುತ್ತಿತ್ತು, ಅದಕ್ಕೇ ಅವಳನ್ನು ಆರಿಸಿದೆ ಎಂದು ಐರ್ಲೆಂಡಿನ ಕೆರ್ರಿ ಕಡೆಯವರಾದ ನಮ್ಮ ಮ್ಯಾನೇಜರ್ ನನಗೆ ಬಹಳ ನಯವಾಗಿ ಹೇಳಿದರು. ಅವಳ ಬಳಿ ಭಾಷೆ ಇದೆ, ನಿನ್ನ ಬಳಿ ಕಣ್ಣಿದೆ, ನೀನು ಪರಿಶೀಲನೆ ಮಾಡು ಎಂದರು. ಮದುವೆಗೆ ಕರೆದು ಎಲೆ ಎತ್ತು ಅಂದ ಹಾಗಿತ್ತು.

ಹೊಟ್ಟೆಕಿಚ್ಚು ಎಂದರೆ ಏನೋ ದೊಡ್ಡ ಬೆಂಕಿ ಎಂದುಕೊಂಡಿದ್ದೆ. ಅಲ್ಲ, ಅದು ಇದ್ದಿಲ ಒಲೆಯ ಹಾಗೆ, ಹೊಗೆಯಿಲ್ಲದೆ ಇಡೀ ದಿನ ಉರಿಯುತ್ತದೆ. ಅವಳು ಊಟದ ಡಬ್ಬಿ ತೆಗೆದು ಪಕ್ಕದಲ್ಲಿ ಕೂತು, ಅಕ್ಕಾ ಇಲ್ಲಿ ನೋಡಿ, ಎಂದು ಫೋನಿನಲ್ಲಿ ಹಳ್ಳಿ ತೋರಿಸುತ್ತಿದ್ದಳು. ನಾನು ಮೊಸರನ್ನದ ಮೇಲೆ ಕಣ್ಣಿಟ್ಟೇ ಎಲ್ಲವನ್ನೂ ನೋಡಿಕೊಂಡೆ. ಕಣಿವೆಯ ತಳದಲ್ಲಿ ಹಸಿರು ಹೊಳೆ. ಅದರ ಅಂಚಿಗೆ ಮರ ಕೊಯ್ಯುವ ಮಿಲ್ಲು, ಹಾಲಿನ ಡೈರಿ, ಎರಡು ಸಾಲು ಮನೆ. ಸ್ವಲ್ಪ ಮೇಲೆ ಚರ್ಚು, ಮಕ್ಕಳಿಲ್ಲದೆ ಮುಚ್ಚಿದ ಶಾಲೆ. ಎದುರಿನ ಗುಡ್ಡ ಎಷ್ಟು ಕಡಿದಾಗಿತ್ತೆಂದರೆ ಚಳಿಗಾಲದಲ್ಲಿ ಕೆಲವು ಮನೆಗಳಿಗೆ ವಾರಗಟ್ಟಲೆ ಬಿಸಿಲೇ ತಾಗುವುದಿಲ್ಲವಂತೆ. ಹಳ್ಳಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹುಲ್ಲುಗಾವಲು. ದನಗಳು ಬೇಸಿಗೆ ಏರಿದಂತೆ ಒಂದೊಂದು ಮೆಟ್ಟಿಲು ಹತ್ತಿ, ಚಳಿಗೆ ಇಳಿದು ಬರುತ್ತವೆ. ಒಂದೇ ಮನೆತನಕ್ಕೆ ಕೆಳಗೊಂದು, ನಡುವೆ ಒಂದು, ತುದಿಯಲ್ಲೊಂದು ಸೂರು.

ಒಂದು ಭಾನುವಾರ ಅವಳನ್ನು ಕ್ಯಾಸಲ್‌ನಾಕಿನ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ಹುಟ್ಟಿದಾಗಿನಿಂದ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನನ್ನ ಮಗಳು ಅಂದು ಅವಳಿಗೆ, "ಇನ್ನೂ ಸ್ವಲ್ಪ ಸಾರು ಹಾಕ್ಲಾ?" ಎಂದಳು. ಹದಿಮೂರು ವರ್ಷ ನಾನು ಕಾದಿದ್ದ ಮಾತು. ಹಳ್ಳಿಯೂ ಹೋಯಿತು, ಇದೂ ಹೋಯಿತು ಎಂದುಕೊಂಡು ಸಾರಿನ ಪಾತ್ರೆ ಎತ್ತಿ ಒಳಗಿಟ್ಟೆ.

ಸಭೆಗೆ ಐದು ದಿನ ಇರುವಾಗ, ಗುರುವಾರ, ನನ್ನ ಪರಿಶೀಲನೆ. ನಮ್ಮ ಕ್ರಮ ಹೀಗೆ: ಕಂಪ್ಯೂಟರು ಚೀಟಿ ಎತ್ತಿದಂತೆ ನಲವತ್ತು ಸೂರುಗಳನ್ನು ಆರಿಸಿ ಕೊಡುತ್ತದೆ. ಒಂದೊಂದಕ್ಕೂ ಬದಿಯಿಂದ ಓರೆಯಾಗಿ ತೆಗೆದ ಚಿತ್ರ ತೆರೆದು ನೋಡಿ, ಪರಿಶೀಲನೆಯ ಹಾಳೆಯಲ್ಲಿ ಷರಾ ಬರೆಯಬೇಕು. ಆ ಹಾಳೆ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ, ಯಾರು, ಯಾವ ಚಿತ್ರವನ್ನು, ಎಷ್ಟು ಗಂಟೆಗೆ ತೆರೆದರು ಎಂಬುದನ್ನೂ.

ಹದಿನಾರು ಸೂರು ಸರಿಯಿದ್ದವು. ಹದಿನೇಳನೆಯದರಲ್ಲಿ ಅವಳು ಐದು ಜನರನ್ನು ಇಟ್ಟಿದ್ದಳು. ಚಿತ್ರ ತೆರೆದರೆ, ಆ ಮನೆಯ ಅಟ್ಟದ ಬಾಯಿಂದ ಒಣಹುಲ್ಲು ಹೊರಗೆ ಜೋತುಬಿದ್ದಿತ್ತು. ಕಿಟಕಿಯಿಲ್ಲ, ಹೊಗೆಗೂಡಿಲ್ಲ. ಅದು ಹುಲ್ಲಿನ ಕೊಟ್ಟಿಗೆ. ಇಪ್ಪತ್ತೆರಡನೆಯದೂ ಹಾಗೇ. ಮೂವತ್ತನೆಯದರಲ್ಲಿ ಏಳು ಜನ. ಅದು ಬೆಟ್ಟದ ನಡುಮೆಟ್ಟಿಲಿನ ದನದ ಕೊಟ್ಟಿಗೆ. ಒಟ್ಟು ಜನಸಂಖ್ಯೆ ಮೊದಲೇ ಕೊಟ್ಟದ್ದು, ಅದನ್ನೇ ಸೂರುಗಳಿಗೆ ಹಂಚುವುದಾದ್ದರಿಂದ ಮೊತ್ತದಲ್ಲಿ ತಪ್ಪೇ ಕಾಣುವುದಿಲ್ಲ. ಆದರೆ ಹೊಳೆಯ ಅಂಚಿನ ಮನೆಗಳಲ್ಲಿ ಮಲಗಿದ್ದವರನ್ನು ಎಬ್ಬಿಸಿ ಗುಡ್ಡದ ಹುಲ್ಲಿನ ಮೇಲೆ ಮಲಗಿಸಿದ ಹಾಗಾಗಿತ್ತು. ಹೊಳೆ ಉಕ್ಕಿದ ದಿನ ಈ ನಕ್ಷೆ ಹಿಡಿದವರು ಹುಲ್ಲಿನ ಬಾಗಿಲು ತಟ್ಟುತ್ತಾರೆ.

ನಾನು ಆ ಹದಿನೇಳನೆಯ ಚಿತ್ರವನ್ನು ಮತ್ತೆ ಮತ್ತೆ ತೆರೆದೆ. ನಾಲಿಗೆಯ ಮೇಲೆ ಬೆಲ್ಲ ಇಟ್ಟಂತಾಯಿತು. ಮಂಗಳವಾರದ ಸಭೆ ಕಣ್ಣ ಮುಂದೆ ಬಂತು: ಅವಳ ಜರ್ಮನ್, ಅವಳ ಹೊಸ ಕೋಟು, ಅವಳ ಹುಲ್ಲು ತಿನ್ನುವ ಪ್ರಜೆಗಳು. ಷರಾದ ಅಂಕಣದಲ್ಲಿ ಬರೆದೆ: ಗ್ರ್ಯಾಂಡ್. ಈ ದೇಶದಲ್ಲಿ ಎಲ್ಲ ಸರಿಯಿದೆ ಎನ್ನುವುದಕ್ಕೆ ಹೇಳುವ ಮಾತು ಅದು, ನಮ್ಮ ಕನ್ನಡದೊಳಕ್ಕೂ ನುಸುಳಿಬಿಟ್ಟಿದೆ. ಉಳಿದ ಸಾಲುಗಳಿಗೂ ಅದನ್ನೇ ಎಳೆದು, ಕಂಪ್ಯೂಟರು ಮುಚ್ಚಿ, ಎಂ ಫಿಫ್ಟಿ ರಸ್ತೆಯಲ್ಲಿ ಮನೆಗೆ ಬಂದೆ. ರೇಡಿಯೋ ಹಾಕಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ನನಗೆ ಕಾಫಿ ತಂದಿಟ್ಟಳು.

"ಅಕ್ಕಾ, ಒಂದೂ ತಪ್ಪು ಸಿಗ್ಲಿಲ್ವಾ?"

"ಎಲ್ಲಾ ಗ್ರ್ಯಾಂಡ್ ಕಣೆ."

"ನೀವು ನೋಡಿದೀರಿ ಅಂದ್ರೆ ಸಾಕು. ರಾತ್ರಿ ನಿದ್ದೆನೇ ಬಂದಿರ್ಲಿಲ್ಲ."

ಕಾಫಿ ಚೆನ್ನಾಗಿತ್ತು. ಕುಡಿಯಲಾಗಲಿಲ್ಲ.

ಮಧ್ಯಾಹ್ನ ನಾನು ಅವಳ ವಿಧಾನದ ಟಿಪ್ಪಣಿ ತೆರೆದೆ. ಯಾವ ನಿಯಮದ ಮೇಲೆ ಎಣಿಸಿದ್ದೇವೆಂದು ಸಭೆಗೆ ಕೊಡುವ ಎರಡು ಪುಟ ಅದು. ಒಳ್ಳೆಯ ಉದ್ದೇಶದಿಂದ ತೆರೆದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನೂ ಏನು ತಪ್ಪು ಮಾಡಿದ್ದಾಳೆಂದು ನೋಡುವ ಆಸೆ. ಎರಡನೇ ಪ್ಯಾರಾದಲ್ಲಿ ಇತ್ತು: ಅರವತ್ತು ಚದರ ಮೀಟರಿಗಿಂತ ದೊಡ್ಡ ಸೂರು, ಬಾಗಿಲವರೆಗೆ ಗಾಡಿ ಹೋಗುವ ದಾರಿ, ತಗಡಿನ ಹೊದಿಕೆ ಅಲ್ಲ, ಈ ಮೂರೂ ಇದ್ದರೆ ಅದು ಮನೆ. ಅದರ ಕೆಳಗೆ ನನ್ನ ಹೆಸರು. ಈ ನಿಯಮ ನಮ್ಮ ಹಿರಿಯ ಸಹೋದ್ಯೋಗಿಯವರು ರೂಪಿಸಿದ್ದು, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಲ್ಲ ಎಂದು ಬರೆದಿದ್ದಳು.

ನಿಜ, ಅದು ನನ್ನದೇ. ಐರ್ಲೆಂಡಿನ ಹಳ್ಳಿಗಾಡಿಗೆ ನಾಲ್ಕು ವರ್ಷದ ಹಿಂದೆ ಬರೆದದ್ದು. ಇಲ್ಲಿ ಕೊಟ್ಟಿಗೆ ಎಂದರೆ ತಗಡು, ಮನೆ ಎಂದರೆ ಹಂಚು ಅಥವಾ ಸ್ಲೇಟು. ಒಂದು ನೋಟಕ್ಕೆ ತಿಳಿಯುತ್ತದೆ. ಆ ಹಳ್ಳಿಯಲ್ಲಿ ಮನುಷ್ಯನಿಗೂ ದನಕ್ಕೂ ಒಂದೇ ಮರ, ಒಂದೇ ಕಲ್ಲಿನ ಹೊದಿಕೆ. ಹುಲ್ಲಿನ ಮೇಲೆ ಜನರನ್ನು ಮಲಗಿಸಿದ್ದು ಅವಳಲ್ಲ, ನಾನು.

ಆಮೇಲೆ ನಾನು ಎದ್ದು ಅವಳ ಮೇಜಿಗೆ ಹೋದೆ. ಅವಳಿಗಾಗಿ ಹೋದೆನೋ, ಆ ಟಿಪ್ಪಣಿಯಲ್ಲಿದ್ದ ನನ್ನ ಹೆಸರಿಗಾಗಿ ಹೋದೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಹದಿನೇಳನೆಯ ಚಿತ್ರ ತೆರೆದು ತೋರಿಸಿದೆ. ಈಗ ಕಣ್ಣಿಗೆ ಬಿತ್ತು ಎಂದೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಮೊದಲನೇ ವಾರನೇ ಹುಲ್ಲು ಕಂಡಿತ್ತು ಅಕ್ಕಾ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ರೂಲ್ ನಿಮ್ಮದು. ಕೇಳಿದ್ರೆ ನೀವು ತಪ್ಪು ಅಂದ ಹಾಗಾಗುತ್ತೆ. ನನಗೇ ಏನೋ ಗೊತ್ತಾಗ್ತಿಲ್ಲ ಅಂದ್ಕೊಂಡೆ."

ನಮ್ಮ ಕಂಪನಿಯಲ್ಲಿ ಪೋಲೆಂಡಿನವರಿದ್ದಾರೆ, ಬ್ರೆಜಿಲಿನವರಿದ್ದಾರೆ. ಅವರಾಗಿದ್ದರೆ ಮೊದಲ ದಿನವೇ ಬಂದು, ನಿನ್ನ ನಿಯಮ ಕೆಲಸಕ್ಕೆ ಬಾರದ್ದು ಎನ್ನುತ್ತಿದ್ದರು. ದೊಡ್ಡವರು ಬರೆದದ್ದನ್ನು ಪ್ರಶ್ನಿಸಬಾರದು ಎಂದು ಆರು ವಾರ ಜನರನ್ನು ಹುಲ್ಲಿನ ಮೇಲೆ ಮಲಗಿಸುವುದು ನಮ್ಮವರಿಗೆ ಮಾತ್ರ ಸಾಧ್ಯ.

ಶನಿವಾರ ಬೆಳಿಗ್ಗೆ ಅವಳು ಚಿತ್ರಾನ್ನದ ಡಬ್ಬಿಯೊಂದಿಗೆ ಮನೆಗೆ ಬಂದಳು. ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪು. ಸೋಮವಾರ ಮಧ್ಯಾಹ್ನ ಎರಡಕ್ಕೆ ಅವಳ ವಿಮಾನ. ಮೊದಲು, ಹಳ್ಳಿಯ ಒತ್ತೊತ್ತಾದ ಮನೆಗಳನ್ನು ಮಾತ್ರ ಉಳಿಸಿಕೊಂಡು ಗುಡ್ಡದ ಮೇಲಿನದೆಲ್ಲ ತೆಗೆದೆವು. ಆಗ ಇಳಿಜಾರಿನಲ್ಲಿ ನಿಜವಾಗಿ ವಾಸವಿದ್ದ ತೋಟದ ಮನೆಗಳೂ ಹೋದವು. ಒಂದರ ಅಂಗಳದಲ್ಲಿ ಮಕ್ಕಳ ಜಾರುಬಂಡೆಯೇ ಕಾಣುತ್ತಿತ್ತು. ಎಲ್ಲ ಮತ್ತೆ ಹಾಕಿದೆವು. ಹೊದಿಕೆಯ ಬಣ್ಣ ನೋಡಿದೆವು, ಎಲ್ಲ ಒಂದೇ. ಎತ್ತರ ನೋಡಿದೆವು, ಕೊಟ್ಟಿಗೆಗಳೇ ಮನೆಗಳಿಗಿಂತ ಎತ್ತರ. ಹನ್ನೆರಡೂವರೆ ಹೊತ್ತಿಗೆ ಅವಳು ಲ್ಯಾಪ್‌ಟಾಪು ಮುಚ್ಚಿಬಿಟ್ಟಳು. ಅಮ್ಮನಿಗೆ ಫೋನು ಮಾಡಿ ವಾಪಸ್ ಬರ್ತೀನಿ ಅಂತ ಈಗಲೇ ಹೇಳಲೇ ಎಂದು ಕೇಳಿದಳು. ನಾನು ಚಿತ್ರಾನ್ನ ಬಡಿಸಿದೆ.

ತಟ್ಟೆ ಮುಂದಿಟ್ಟುಕೊಂಡಾಗ ನನ್ನ ಅಜ್ಜ ನೆನಪಾದರು. ಚಳ್ಳಕೆರೆ ಕಡೆಯ ಶಾಲೆ ಮೇಷ್ಟ್ರು, ನನ್ನನ್ನು ಸಾಕಿ ಮಾತು ಕಲಿಸಿದವರು. ಜನಗಣತಿ ಬಂದಾಗ ಬಾಗಿಲ ಮೇಲೆ ನಂಬರು ಬರೆಯುವ ಕೆಂಪು ಬಣ್ಣದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಕುರಿ ಸಾಕುವವರ ಹಟ್ಟಿಗಳಿಗೆ ಕರೆದೊಯ್ಯುತ್ತಿದ್ದರು. ಒಂದು ಮನೆಯವರಿಗೆ ಮೂರು ಸೂರಿರುತ್ತಿತ್ತು, ತಮಗೊಂದು, ಕುರಿಮರಿಗೊಂದು, ಮೇವಿಗೊಂದು. ನಾನು ಕಂಡ ಬಾಗಿಲಿಗೆಲ್ಲ ಬಣ್ಣ ಬಳಿಯಹೋದರೆ ತಡೆಯುತ್ತಿದ್ದರು. "ಸೂರು ನೋಡಿ ಬರ್ದ್ರೆ ಕುರಿಗೂ ರೇಷನ್ ಕಾರ್ಡು ಕೊಡ್ಬೇಕಾಗ್ತದೆ ಕಣವ್ವ. ಒಲೆ ಎಲ್ಲೈತೆ ನೋಡು." ಒಮ್ಮೆ ಒಂದೇ ಸೂರಿನ ಕೆಳಗೆ ಎರಡು ಒಲೆ ಸಿಕ್ಕಿದ್ದವು. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಅಜ್ಜ ಒಂದೂ ಕೇಳದೆ ಎರಡು ನಂಬರು ಬರೆಸಿದರು.

ಮೇಲಿನಿಂದ ಒಲೆ ಕಾಣುವುದು ಹೇಗೆ? ಅದನ್ನು ಜೋರಾಗಿ ಕೇಳಿಕೊಂಡೆ. ಅವಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

"ಹಿಮದ ಸೆಟ್ ಇದೆಯಲ್ಲ ಅಕ್ಕಾ."

ಅವರು ಎರಡು ಸಲ ತೆಗೆದ ಚಿತ್ರಗಳನ್ನು ಕಳಿಸಿದ್ದರು, ಬೇಸಿಗೆಯದೊಂದು, ಜನವರಿಯದೊಂದು. ಹಿಮ ನೆಲವನ್ನು ಮುಚ್ಚುವುದರಿಂದ ಚಳಿಗಾಲದ ಚಿತ್ರ ಬಳಸಬಾರದು ಎಂದು ಪಕ್ಕಕ್ಕಿಡುವುದು ನಮ್ಮ ಪದ್ಧತಿ. ಅದನ್ನು ಬರೆದವಳೂ ನಾನೇ. ತೆರೆದೆವು. ಇಡೀ ಹಳ್ಳಿ ಅಕ್ಕಿಹಿಟ್ಟು ಚೆಲ್ಲಿದಂತೆ ಬೆಳ್ಳಗಿತ್ತು. ಆ ಬಿಳುಪಿನಲ್ಲಿ ಎಲ್ಲವೂ ಬರೆದಿಟ್ಟಿತ್ತು. ಕೆಲವು ಸೂರುಗಳ ಮೇಲೆ ಹೊಗೆಗೂಡಿನ ಸುತ್ತ ಹಿಮ ಕರಗಿ ರೊಟ್ಟಿಯಷ್ಟಗಲ ಕಪ್ಪು ಬಿದ್ದಿತ್ತು. ಅವುಗಳ ಬಾಗಿಲಿನಿಂದ ರಸ್ತೆಯವರೆಗೆ ಹಿಮ ಎತ್ತಿ ದಾರಿ ಮಾಡಿದ್ದರು. ಹದಿನೇಳನೆಯ ಸೂರಿನ ಮೇಲೆ ಹಿಮ ಒಂದು ಗೆರೆಯೂ ಬೀಳದಂತೆ ಕೂತಿತ್ತು. ಪೇಟೆಯವರು ರಜೆಗೆಂದು ಕಟ್ಟಿಕೊಂಡ ಚೆಂದದ ಮನೆಗಳಿಗೂ ದಾರಿಯೇ ಇರಲಿಲ್ಲ.

ಹೊಗೆಗೂಡು, ಕರಗಿದ ಹಿಮ, ಹೆಜ್ಜೆಯ ದಾರಿ. ಮೂರರಲ್ಲಿ ಎರಡಿದ್ದರೆ ಒಲೆ ಇದೆ ಎಂದು ಹೊಸ ನಿಯಮ ಬರೆದೆವು. ಒಂದೊಂದೇ ಸೂರು. ಅವಳು ನಂಬರು ಕೂಗುವುದು, ನಾನು ನೋಡಿ ಒಲೆ ಅಥವಾ ಸೊನ್ನೆ ಎನ್ನುವುದು. ಭಾನುವಾರ ಸಂಜೆಗೆ ಗುಡ್ಡದ ತುದಿಗೆ ಬಂದೆವು. ಅಲ್ಲೊಂದು ಪುಟ್ಟ ಗುಡಿಸಲು, ಬೇಸಿಗೆಯಲ್ಲಿ ದನ ಕಾಯುವವರದು. ಸುತ್ತ ಹಿಮ. ಆದರೆ ಸೂರಿನ ಮೇಲೆ ಕಪ್ಪು ಚುಕ್ಕೆ, ಕಾಡಿನ ಅಂಚಿನಿಂದ ಅಲ್ಲಿಗೆ ಸೂಜಿಯಿಂದ ಗೀರಿದಂತೆ ಒಂದು ಕಾಲುದಾರಿ.

"ಇದನ್ನ ತೆಗೆದುಬಿಡೋಣ ಅಕ್ಕಾ. ಜನವರೀಲಿ ಅಲ್ಲಿ ಯಾರಿರ್ತಾರೆ? ಇದೊಂದರಿಂದ ನಗೆಪಾಟಲಾಗ್ತೀವಿ."

"ಒಲೆ ಉರೀತಿದೆ. ಒಂದು ಅಂತ ಬರಿ."

ಬರೆದಳು. ನಗೆಪಾಟಲಾದರೆ ಆಗುವವಳು ಅವಳು, ನಾನಲ್ಲ ಎಂಬ ಯೋಚನೆ ಆಗಲೂ ಒಂದು ಕ್ಷಣ ಬಂದು ಹೋಯಿತು. ಅದನ್ನೂ ಹೇಳಿಬಿಡಬೇಕು.

ಸೋಮವಾರ ಬೆಳಿಗ್ಗೆ ಮ್ಯಾನೇಜರಿಗೆ ಎಲ್ಲ ತಿಳಿಸಿದೆ, ತಪ್ಪು ನಿಯಮ ನನ್ನದು ಎಂದೂ. ಗುರುವಾರದ್ದೊಂದನ್ನು ಬಿಟ್ಟು. ಅವರು ಹೊಸ ನಕ್ಷೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಇಷ್ಟಾದ ಮೇಲೆ ನೀನೇ ಹೋಗು ಎನ್ನಬಹುದೇನೋ ಎಂದು ನಾನು ಕಾದು ನಿಂತಿದ್ದೆ. ಅವಳ ವಿಮಾನ ಎರಡಕ್ಕೇ ಅಲ್ಲವೇ, ಟ್ಯಾಕ್ಸಿ ಕರೆಯಲೇ ಎಂದು ಕೇಳಿದರು.

ಮಂಗಳವಾರ ನಾನು ಬೇಲಿಯಾಚೆ ಕುದುರೆ ಓಡಿಸುವವರನ್ನು ನೋಡುತ್ತ ಕೂತಿದ್ದೆ. ನಾಲ್ಕು ಗಂಟೆಗೆ ಅವಳ ಫೋನು ಬಂತು. ಶಾಲೆಯ ಖಾಲಿ ಕೋಣೆಯಲ್ಲೇ ಸಭೆಯಂತೆ, ಚಿಕ್ಕಮಕ್ಕಳ ಬೆಂಚುಗಳ ಮೇಲೆ ದೊಡ್ಡವರು. ಪಂಚಾಯ್ತಿಯ ಗುಮಾಸ್ತೆ, ಕನ್ನಡಕದ ವಯಸ್ಸಾದ ಹೆಂಗಸು, ಮನೆಮನೆಯಾಗಿ ತನ್ನ ಪಟ್ಟಿ ಓದುತ್ತ ಹೋದರು, ಇವಳು ನಕ್ಷೆ ತೋರಿಸುತ್ತ ಹೋದಳು. ಹೊಳೆಯಂಚಿನ ಮನೆಗಳು ಹೊಂದಿದವು. ತೋಟದ ಮನೆಗಳು ಹೊಂದಿದವು. ಅಲ್ಲೊಂದು ಇಲ್ಲೊಂದು ತಲೆ ಹೆಚ್ಚುಕಡಿಮೆ. ಕೊನೆಗೆ ಗುಡ್ಡದ ತುದಿ. ಪಟ್ಟಿಯಲ್ಲಿ ಸೊನ್ನೆ, ನಕ್ಷೆಯಲ್ಲಿ ಒಂದು. ಪರಿಹಾರ ಕಚೇರಿಯವರು ನಕ್ಕರಂತೆ, ಮರ್ಮೋಟ್ ಎಂಬ ಬೆಟ್ಟದ ಇಲಿಯನ್ನು ಎಣಿಸಿದ್ದೀರಿ ಎಂದು.

"ತಪ್ಪಾಗಿದೆ ಅಂತ ಒಪ್ಕೊಂಡ್ಯಾ?"

"ಇಲ್ಲ ಅಕ್ಕಾ. ನಮ್ಮ ಆಫೀಸಿನಲ್ಲಿ ನಮ್ಮ ಅಕ್ಕ ಒಬ್ರಿದಾರೆ, ಅವರು ಒಲೆ ನೋಡಿ ಬರೆದಿದಾರೆ, ನಾನು ಅಳಿಸಲ್ಲ ಅಂದೆ."

ಆಮೇಲೆ ಹಿಂದಿನ ಬೆಂಚಿನಿಂದ ಡೈರಿಯವನು ಎದ್ದು ನಿಂತು, ಆ ಗುಡಿಸಲಿನಲ್ಲಿ ಒಬ್ಬ ಇದ್ದಾನೆ, ಇದು ಅವನ ಎರಡನೇ ಚಳಿಗಾಲ ಎಂದ. ಕೆಳಗಿನ ಮನೆಯ ಅಣ್ಣನ ಜೊತೆ ಮಾತು ಬಿಟ್ಟು ಮೇಲೆ ಹೋಗಿದ್ದನಂತೆ. ಪಟ್ಟಿಯಲ್ಲಿ ಹೆಸರು ಇನ್ನೂ ಅಣ್ಣನ ಮನೆಯಲ್ಲೇ. ಊರಿಗೆಲ್ಲ ಗೊತ್ತು, ಕಾಗದಕ್ಕೆ ಮಾತ್ರ ಗೊತ್ತಿಲ್ಲ. ಗುಡ್ಡ ಜರಿದರೆ ಯಾರೂ ಆ ಬಾಗಿಲು ತಟ್ಟುತ್ತಿರಲಿಲ್ಲ. ಗುಮಾಸ್ತೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪಟ್ಟಿಯಲ್ಲಿ ಒಂದು ಸಾಲು ಬರೆದರಂತೆ. ಆಮೇಲೆ ಬಂದು ಇವಳ ಕೈ ಕುಲುಕಿದರು.

ಫೋನಿಟ್ಟ ಮೇಲೆ ನಾನು ಸಂತೋಷಪಟ್ಟೆ. ಅದರ ಜೊತೆಗೇ ಹೊಟ್ಟೆ ಉರಿಯಿತು. ಒಲೆ ನಮ್ಮ ಅಜ್ಜನದು, ಕಣ್ಣು ನನ್ನದು, ಆ ಕೋಣೆಯಲ್ಲಿ ನಿಂತವಳು ಅವಳು. ಇಡೀ ಕಣಿವೆಯ ಕೆಲಸ ನಮಗೆ ಬಂತು, ಅವಳ ಕೆಲಸ ಕಾಯಂ ಆಯಿತು ಎಂದು ಮರುದಿನ ಮ್ಯಾನೇಜರ್ ಎಲ್ಲರಿಗೂ ಕೇಕು ಕತ್ತರಿಸಿದರು. ನಾನು ಎರಡು ತುಂಡು ತಿಂದೆ.

ಗುರುವಾರ ಅವಳು ಬಂದು ನನ್ನ ಮೇಜಿನ ಮೇಲೆ ಆ ಹಳ್ಳಿಯ ಕಾಗದದ ನಕ್ಷೆಯನ್ನು ಇಟ್ಟಳು. ಗುಡ್ಡದ ತುದಿಯಲ್ಲಿ ಗುಮಾಸ್ತೆಯ ಪೆನ್ಸಿಲಿನ ಗುಂಡು ಗುರುತು. ಕುರ್ಚಿ ಎಳೆದು ಕೂತು, ದನಿ ತಗ್ಗಿಸಿದಳು.

"ಹೋದ ಗುರುವಾರ ಹದಿನೇಳನೇ ಫೋಟೋನ ಆರು ಸಲ ಓಪನ್ ಮಾಡಿದೀರಿ. ಆಮೇಲೆ ಗ್ರ್ಯಾಂಡ್ ಅಂತ ಬರೆದಿದೀರಿ."

ಕಣ್ತಪ್ಪಿತು ಎನ್ನಬಹುದಿತ್ತು. ನಂಬಿದ ಹಾಗೆ ನಟಿಸುವಷ್ಟು ಒಳ್ಳೆಯವಳು ಅವಳು.

"ಗೊತ್ತಿತ್ತು ಕಣೆ. ಹೊಟ್ಟೆಕಿಚ್ಚು. ಯಾವಾಗ ನೋಡಿದೆ ನೀನು?"

"ಭಾನುವಾರ. ಮನೆಗೆ ಹೋಗಿ ಶೀಟು ಪ್ರಿಂಟ್ ತೆಗೀವಾಗ."

ಅಂದರೆ ಸಭೆಯಲ್ಲಿ ಎದ್ದು ನಿಂತು ನಮ್ಮ ಅಕ್ಕ ಎಂದಾಗ ಅವಳಿಗೆ ಗೊತ್ತಿತ್ತು. ನಾನು ನಕ್ಷೆಯನ್ನು ಮಡಿಸಿದೆ, ಬಿಚ್ಚಿದೆ.

"ಮುಂದಿನ ಸಲ ಬೈದುಬಿಡಿ ಅಕ್ಕಾ," ಎಂದಳು. "ಗ್ರ್ಯಾಂಡ್ ಮಾತ್ರ ಅನ್ಬೇಡಿ."

ಅವಳು ಎದ್ದು ಹೋದ ಮೇಲೆ ಹಳೆಯ ಹಾಳೆ ತೆರೆದೆ. ಕೆಲಸ ಮುಗಿದುಹೋಗಿತ್ತು, ಅದನ್ನು ಇನ್ನು ಯಾರೂ ನೋಡುವವರಿರಲಿಲ್ಲ. ಹದಿನೇಳನೇ ಸಾಲಿನ ಆ ಪದವನ್ನು ಅಳಿಸಿ ಬರೆದೆ: ಹುಲ್ಲು. ಒಲೆ ಇಲ್ಲ. ಸೊನ್ನೆ.